ವೈದ್ಯಕೀಯ ಸಂಶೋಧನೆಯ ದತ್ತಾಂಶ: ಹಂಚಿಕೆಯ ಧರ್ಮಸೂಕ್ಷ್ಮ

ವಿದ್ಯೆಯು ಕೊಟ್ಟಷ್ಟೂ ಬೆಳೆಯುವ ಧನವೆಂಬ ಮಾತನ್ನು ಕೇಳದವರಿಲ್ಲ. ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ವ್ರತದಂತೆ ನಡೆಸಿಕೊಂಡು ಬಂದಿರುವ ಮಠಗಳ ನೆರಳಿನಲ್ಲಿ ಓದಿದವರಿಗಂತೂ ಇದು ಬರಿಯ ಉಪದೇಶವಲ್ಲ, ನಿತ್ಯದ ಅನುಭವ. ಆದರೆ ಕೊಡುವ ವಸ್ತುವು ಕೊಡುವವನ ಸ್ವಂತದ್ದಾಗಿರದೆ, ಮತ್ತೊಬ್ಬರು ನಂಬಿ ಅವನ ಕೈಯಲ್ಲಿರಿಸಿದ ನಿಕ್ಷೇಪವಾಗಿದ್ದರೆ ಹೇಗೆ? ಆಗ ಕೊಡುವುದೂ ವಿಚಾರ ಮಾಡಿ ನಡೆಯಬೇಕಾದ ಕಾರ್ಯವಾಗುತ್ತದೆ. ವೈದ್ಯಕೀಯ ಸಂಶೋಧನೆಗಾಗಿ ರೋಗಿಗಳಿಂದ ಸಂಗ್ರಹಿಸಿದ ಮಾಹಿತಿಯನ್ನು ಲೋಕದ ಇತರ ಸಂಶೋಧಕರೊಡನೆ ಹಂಚಿಕೊಳ್ಳಬೇಕೆ, ಹಂಚಿಕೊಳ್ಳುವುದಾದರೆ ಯಾವ ಕಟ್ಟುಪಾಡಿಗೆ ಒಳಪಟ್ಟು ಎಂಬ ಪ್ರಶ್ನೆಯು ಇಂಥದು. ಆದಾಯ ಕಡಿಮೆಯಿರುವ ರಾಷ್ಟ್ರಗಳಲ್ಲಿ ಈ ಪ್ರಶ್ನೆಯು ಇನ್ನಷ್ಟು ಜಟಿಲವಾಗುತ್ತದೆ. ಏಕೆಂದರೆ ಅಲ್ಲಿ ಮಾಹಿತಿಯನ್ನು ಕೊಡುವವರು ಬಡವರು. ಅದನ್ನು ಬಳಸಿಕೊಳ್ಳುವ ಸಾಮರ್ಥ್ಯವುಳ್ಳವರು ಬಹುಮಟ್ಟಿಗೆ ದೂರದ ಶ್ರೀಮಂತ ರಾಷ್ಟ್ರಗಳವರು.

ದತ್ತಾಂಶವೆಂದರೇನು?

ಒಂದು ಔಷಧವು ಗುಣಕಾರಿಯೋ ಅಲ್ಲವೋ ಎಂಬುದನ್ನು ಇಂದು ಕೇವಲ ವೈದ್ಯರ ಅನುಭವದ ಮೇಲೆ ತೀರ್ಮಾನಿಸುವುದಿಲ್ಲ. ನೂರಾರು, ಕೆಲವೊಮ್ಮೆ ಸಾವಿರಾರು ಜನರನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ತಂಡಗಳಾಗಿ ವಿಂಗಡಿಸಿ, ಒಂದು ತಂಡಕ್ಕೆ ಪರೀಕ್ಷಿಸಬೇಕಾದ ಔಷಧವನ್ನೂ ಇನ್ನೊಂದಕ್ಕೆ ರೂಢಿಯ ಚಿಕಿತ್ಸೆಯನ್ನೋ ಔಷಧವಿಲ್ಲದ ಗುಳಿಗೆಯನ್ನೋ ಕೊಟ್ಟು, ಎರಡರ ಫಲವನ್ನೂ ಹೋಲಿಸುವುದು ಪದ್ಧತಿ.

ಇದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1963ರಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಆ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಂಶೋಧಕರ ಸಹಯೋಗದಲ್ಲಿ, ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯು ನೆರವಾಗುವುದೇ ಎಂಬುದನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷಿಸಿದರು. ಪಾಲ್ಗೊಂಡ ತಾಯಂದಿರು 1,620 ಮಂದಿ. ಗುಳಿಗೆಯನ್ನು ಕೊಟ್ಟವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಸಹಾಯಕ ದಾದಿಯರು. ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ಶೇಕಡ 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ ಅದು ಶೇಕಡ 6.4ಕ್ಕೆ ಇಳಿಯಿತು. ಈ ಫಲಿತಾಂಶವು 2006ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಪತ್ರಿಕೆಯಲ್ಲಿ ಅಚ್ಚಾಗುವ ಲೇಖನವು ಕೆಲವೇ ಪುಟಗಳದು. ಅದರಲ್ಲಿರುವುದು ಒಟ್ಟು ಲೆಕ್ಕ ಮತ್ತು ಸರಾಸರಿ. ಅದರ ಹಿಂದೆ ಒಬ್ಬೊಬ್ಬ ತಾಯಿಗೂ ಒಂದೊಂದು ಸಾಲಿನಂತೆ ವಯಸ್ಸು, ತೂಕ, ಹಿಂದಿನ ಹೆರಿಗೆಗಳು, ರಕ್ತದ ಪ್ರಮಾಣ, ಚಿಕಿತ್ಸೆ, ಪರಿಣಾಮ ಇವುಗಳ ದೊಡ್ಡದೊಂದು ಕೋಷ್ಟಕವಿರುತ್ತದೆ. ದತ್ತಾಂಶವೆಂದರೆ ಈ ಕೋಷ್ಟಕ. ಹಂಚಿಕೆಯ ಪ್ರಶ್ನೆಯು ಎದ್ದಿರುವುದು ಅಚ್ಚಾದ ಲೇಖನದ ಬಗೆಗಲ್ಲ, ಅದರ ಹಿಂದಿರುವ ಈ ಸಾಲುಗಳ ಬಗೆಗೆ.

ಹಂಚುವುದರಿಂದ ಆಗುವ ಹಿತ

ಒಂದು ಊರಿನಲ್ಲಿ ನಡೆದ ಪರೀಕ್ಷೆಗೆ ಕಾಣಿಸದ ಸತ್ಯವು ಅನೇಕ ಊರುಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಕಾಣಿಸುವುದುಂಟು. ಮಲೇರಿಯಾ ರೋಗದ ಸಂಗತಿಯು ಇದಕ್ಕೆ ಸಾಕ್ಷಿ. ಮಲೇರಿಯಾ ಔಷಧಗಳು ಎಲ್ಲೆಲ್ಲಿ ಶಕ್ತಿಗುಂದುತ್ತಿವೆ ಎಂಬುದನ್ನು ಅರಿಯಲು 2009ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು ಕೇಂದ್ರವಾಗಿಟ್ಟುಕೊಂಡು ಒಂದು ಜಾಗತಿಕ ಜಾಲವು ಆರಂಭವಾಯಿತು. ಆಫ್ರಿಕಾ ಮತ್ತು ಏಷ್ಯಾದ ಸಂಶೋಧಕರು ತಮ್ಮ ತಮ್ಮ ಪರೀಕ್ಷೆಗಳ ದತ್ತಾಂಶವನ್ನು ಅದರೊಡನೆ ಹಂಚಿಕೊಂಡರು. ಡೈಹೈಡ್ರೋಆರ್ಟೆಮಿಸಿನಿನ್ ಮತ್ತು ಪಿಪರಾಕ್ವಿನ್ ಎಂಬ ಎರಡು ಔಷಧಗಳನ್ನು ಕೂಡಿಸಿದ ಗುಳಿಗೆಯನ್ನು ಕುರಿತ 26 ಅಧ್ಯಯನಗಳ 7,072 ರೋಗಿಗಳ ಸಾಲುಗಳನ್ನು ಒಟ್ಟಿಗೆ ಪರಿಶೀಲಿಸಿದ ಫಲಿತಾಂಶವು 2013ರಲ್ಲಿ ಪ್ರಕಟವಾಯಿತು. ಔಷಧವು ಒಟ್ಟಿನಲ್ಲಿ ಬಹಳ ಗುಣಕಾರಿಯೇ ಆಗಿತ್ತು. ಆದರೆ ಐದು ವರ್ಷದೊಳಗಿನ ಎಳೆಯ ಮಕ್ಕಳಿಗೆ ಅವರ ತೂಕಕ್ಕೆ ತಕ್ಕಷ್ಟು ಔಷಧವು ಸಿಗುತ್ತಿರಲಿಲ್ಲವೆಂದೂ, ಅದರಿಂದಾಗಿ ಅವರಲ್ಲಿ ರೋಗವು ಮರುಕಳಿಸುವ ಸಂಭವವು ಹೆಚ್ಚೆಂದೂ ತಿಳಿದುಬಂದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 25 ಕಿಲೋ ತೂಕಕ್ಕಿಂತ ಕಡಿಮೆಯಿರುವ ಮಕ್ಕಳಿಗೆ ಈ ಔಷಧದ ಪ್ರಮಾಣವನ್ನು ಹೆಚ್ಚಿಸುವಂತೆ ತನ್ನ ಮಾರ್ಗಸೂಚಿಯನ್ನು ತಿದ್ದಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಮಾಹಿತಿಯನ್ನು ಕೊಟ್ಟವರೂ ಮಲೇರಿಯಾಪೀಡಿತ ನಾಡುಗಳ ಬಡವರೇ; ಅದರಿಂದ ಬದುಕಿಕೊಳ್ಳುವವರೂ ಅಂಥ ನಾಡುಗಳ ಮಕ್ಕಳೇ. ಇಪ್ಪತ್ತಾರು ಅಧ್ಯಯನಗಳ ಕೋಷ್ಟಕಗಳು ಇಪ್ಪತ್ತಾರು ಬೀರುಗಳಲ್ಲಿಯೇ ಉಳಿದಿದ್ದರೆ ಆ ಮಕ್ಕಳಿಗೆ ಕಡಿಮೆ ಪ್ರಮಾಣದ ಔಷಧವೇ ಮುಂದುವರಿಯುತ್ತಿತ್ತು. ಆದುದರಿಂದ ದತ್ತಾಂಶವನ್ನು ಬಚ್ಚಿಡುವುದು ಬಡವರ ರಕ್ಷಣೆಯೆಂದು ಭಾವಿಸುವುದು ಸರಿಯಲ್ಲ. ಒಮ್ಮೆ ದೊರೆತ ಉತ್ತರವನ್ನು ಮರೆಮಾಚಿದರೆ ಅದೇ ಪರೀಕ್ಷೆಯನ್ನು ಮತ್ತೊಂದು ಊರಿನ ರೋಗಿಗಳ ಮೇಲೆ ಮತ್ತೆ ನಡೆಸಬೇಕಾಗುತ್ತದೆ. ಅದರ ಕಷ್ಟವನ್ನು ಹೊರುವವರೂ ಅವರೇ.

ದತ್ತಾಂಶವನ್ನು ಇತರರ ಪರಿಶೀಲನೆಗೆ ಒಡ್ಡದಿದ್ದರೆ ಆಗುವ ಅನರ್ಥವನ್ನು 2020ರಲ್ಲಿ ಜಗತ್ತೇ ಕಂಡಿತು. ಆರು ಖಂಡಗಳ 671 ಆಸ್ಪತ್ರೆಗಳ 96,032 ಕೋವಿಡ್ ರೋಗಿಗಳ ದಾಖಲೆಗಳನ್ನು ಆಧರಿಸಿದುದೆಂದು ಹೇಳಿಕೊಂಡ ಲೇಖನವೊಂದು ಆ ವರ್ಷದ ಮೇ 22ರಂದು ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಗಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧವು ಅಪಾಯಕಾರಿಯೆಂದು ಸಾರಿತು. ವಿಶ್ವ ಆರೋಗ್ಯ ಸಂಸ್ಥೆಯು ಆ ಔಷಧದ ಪರೀಕ್ಷೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆಫ್ರಿಕಾದ ಆಸ್ಪತ್ರೆಗಳಿಂದ ಅಷ್ಟು ಸೂಕ್ಷ್ಮವಾದ ದಾಖಲೆಗಳು ದೊರೆತಿರಲು ಸಾಧ್ಯವೇ ಎಂದು ಸಂಶೋಧಕರು ಪ್ರಶ್ನಿಸಿದರು. ದತ್ತಾಂಶವನ್ನು ಒದಗಿಸಿದ ಖಾಸಗಿ ಸಂಸ್ಥೆಯು ಅದನ್ನು ಸ್ವತಂತ್ರ ಪರಿಶೀಲಕರಿಗೆ ತೋರಿಸಲು ಒಪ್ಪಲಿಲ್ಲ. ಜೂನ್ 4ರಂದು ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. ಔಷಧವು ಕೋವಿಡ್‌ಗೆ ಪ್ರಯೋಜನಕಾರಿಯಲ್ಲವೆಂಬುದು ಬೇರೆ ಪ್ರಾಮಾಣಿಕ ಪರೀಕ್ಷೆಗಳಿಂದ ಅನಂತರ ಸಿದ್ಧವಾಯಿತೆಂಬುದು ನಿಜ. ಆದರೆ ಯಾರೂ ನೋಡಲಾಗದ ಲೆಕ್ಕವನ್ನು ನಂಬಿ ಜಗತ್ತು ಹೆಜ್ಜೆಯಿಟ್ಟಿತೆಂಬುದೂ ಅಷ್ಟೇ ನಿಜ.

ಹಿಂಜರಿಕೆಗೆ ಕಾರಣವಿಲ್ಲದಿಲ್ಲ

ಹಾಗಾದರೆ ಬಡ ರಾಷ್ಟ್ರಗಳ ಸರ್ಕಾರಗಳೂ ಸಂಶೋಧಕರೂ ಹಂಚಿಕೆಗೆ ಏಕೆ ಹಿಂಜರಿಯುತ್ತಾರೆ? ಅದನ್ನು ಕೇವಲ ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವಂತಿಲ್ಲ. ದತ್ತಾಂಶಕ್ಕೆ ನಿಕಟವಾದ ಎರಡು ಘಟನೆಗಳನ್ನು ಇಲ್ಲಿ ನೆನೆಯಬಹುದು. ಒಂದು ರೋಗಾಣುವಿನ ಮಾದರಿಯನ್ನು ಕುರಿತದ್ದು, ಇನ್ನೊಂದು ರೋಗಾಣುವಿನ ವಂಶವಾಹಿಯ ವಿವರವನ್ನು ಕುರಿತದ್ದು.

ಹಕ್ಕಿಜ್ವರವು ಇಂಡೊನೇಷ್ಯಾದಲ್ಲಿ ಮನುಷ್ಯರನ್ನು ಬಲಿತೆಗೆದುಕೊಳ್ಳುತ್ತಿದ್ದಾಗ ಆ ದೇಶವು ರೋಗಿಗಳಿಂದ ದೊರೆತ ವೈರಸ್ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಾಲಯಗಳಿಗೆ ಕಳುಹಿಸುತ್ತಿತ್ತು. ಆ ವೈರಸ್ಸಿನಿಂದ ಹೊರದೇಶದ ಕಂಪನಿಯೊಂದು ಲಸಿಕೆಯನ್ನು ಸಿದ್ಧಪಡಿಸುತ್ತಿದೆಯೆಂದು ತಿಳಿದಾಗ, 2007ರಲ್ಲಿ ಅಲ್ಲಿನ ಆರೋಗ್ಯ ಸಚಿವೆ ಸಿತಿ ಫದಿಲಾ ಸುಪಾರಿ ಅವರು ಮಾದರಿಗಳನ್ನು ಕಳುಹಿಸುವುದನ್ನು ನಿಲ್ಲಿಸಿದರು. ವೈರಸ್ಸನ್ನು ಕೊಟ್ಟ ಜನರಿಗೇ ಆ ಲಸಿಕೆಯನ್ನು ಕೊಳ್ಳುವ ಶಕ್ತಿ ಇರುವುದಿಲ್ಲವೆಂಬುದು ಅವರ ವಾದವಾಗಿತ್ತು. ರೋಗದ ಮೇಲಿನ ನಿಗಾ ತಪ್ಪಿ ಇಡೀ ಜಗತ್ತಿಗೆ ಅಪಾಯವಾಗುತ್ತದೆಂದು ಟೀಕೆಗಳು ಬಂದವು. ಆ ಟೀಕೆಯಲ್ಲಿಯೂ ಸತ್ಯವಿತ್ತು. ನಾಲ್ಕು ವರ್ಷಗಳ ಮಾತುಕತೆಯ ಬಳಿಕ, 2011ರ ಮೇ ತಿಂಗಳಲ್ಲಿ, ಮಾದರಿಗಳ ಹಂಚಿಕೆಯನ್ನೂ ಲಸಿಕೆ ಮೊದಲಾದ ಲಾಭದ ಹಂಚಿಕೆಯನ್ನೂ ಸಮಾನ ನೆಲೆಯಲ್ಲಿಡುವ ಒಪ್ಪಂದದ ಚೌಕಟ್ಟನ್ನು ವಿಶ್ವ ಆರೋಗ್ಯ ಸಭೆಯು ಅಂಗೀಕರಿಸಿತು.

ಎರಡನೆಯ ಘಟನೆ 2021ರದು. ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್‌ವಾನಾದ ವಿಜ್ಞಾನಿಗಳು ಕೋವಿಡ್ ವೈರಸ್ಸಿನ ಹೊಸ ರೂಪವೊಂದನ್ನು ಗುರುತಿಸಿ, ವಿಳಂಬವಿಲ್ಲದೆ ಅದರ ವಿವರಗಳನ್ನು ಜಗತ್ತಿನ ಮುಂದಿಟ್ಟರು. ನವೆಂಬರ್ 24ರಂದು ದಕ್ಷಿಣ ಆಫ್ರಿಕಾವು ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಮಾಡಿತು. 26ರಂದು ಸಂಸ್ಥೆಯು ಅದಕ್ಕೆ ಓಮಿಕ್ರಾನ್ ಎಂದು ಹೆಸರಿಟ್ಟಿತು. ಅವರ ಪ್ರಾಮಾಣಿಕತೆಗೆ ದೊರೆತ ಪ್ರತಿಫಲವಾದರೂ ಏನು? ಕೆಲವೇ ದಿನಗಳಲ್ಲಿ ಅನೇಕ ಶ್ರೀಮಂತ ರಾಷ್ಟ್ರಗಳು ಆಫ್ರಿಕಾದ ದಕ್ಷಿಣ ಭಾಗದಿಂದ ಬರುವ ಪ್ರಯಾಣಿಕರಿಗೆ ಬಾಗಿಲು ಮುಚ್ಚಿದವು. ಸತ್ಯವನ್ನು ಮೊದಲು ಹೇಳಿದವನೇ ದಂಡ ತೆರಬೇಕಾದರೆ ಮುಂದೆ ಸತ್ಯವನ್ನು ಹೇಳುವವರು ಕಡಿಮೆಯಾಗುತ್ತಾರೆಂಬುದಕ್ಕೆ ಹೆಚ್ಚಿನ ವಿವರಣೆ ಬೇಡ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಸಾಂಕ್ರಾಮಿಕ ರೋಗಗಳ ಒಪ್ಪಂದವೊಂದನ್ನು ಅಂಗೀಕರಿಸಿದಾಗಲೂ ಈ ಕೊಡುಕೊಳ್ಳುವಿಕೆಯ ವಿವರಗಳನ್ನು ಪ್ರತ್ಯೇಕ ಅನುಬಂಧಕ್ಕೆ ಬಿಡಬೇಕಾಯಿತೆಂದರೆ, ಸಮಸ್ಯೆಯು ಎಷ್ಟು ಕಠಿಣವೆಂಬುದನ್ನು ಊಹಿಸಬಹುದು.

ಸಮ್ಮತಿ ಮತ್ತು ಗೋಪ್ಯತೆ

ರಾಷ್ಟ್ರಗಳ ಮಾತು ಹೀಗಾದರೆ ವ್ಯಕ್ತಿಯ ಮಾತೇನು? ಸಂಶೋಧನೆಗೆ ಒಳಪಡುವವರ ಸಮ್ಮತಿಯನ್ನು ಪಡೆಯಬೇಕೆಂಬುದು ಎಲ್ಲ ದೇಶಗಳಲ್ಲಿಯೂ ಒಪ್ಪಿತವಾದ ನಿಯಮ. ಆದರೆ ಇಂದು ಹೆರಿಗೆಯ ಔಷಧಕ್ಕಾಗಿ ಸಹಿ ಮಾಡಿದ ತಾಯಿಗೆ, ಹತ್ತು ವರ್ಷಗಳ ನಂತರ ಬೇರೆ ದೇಶದ ಬೇರೊಬ್ಬನು ಬೇರೊಂದು ಪ್ರಶ್ನೆಗಾಗಿ ಅದೇ ಮಾಹಿತಿಯನ್ನು ಬಳಸುವನೆಂದು ಹೇಳುವುದು ಹೇಗೆ? ಆ ಪ್ರಶ್ನೆ ಯಾವುದೆಂಬುದು ಇಂದು ಯಾರಿಗೂ ತಿಳಿಯದು. ಆದುದರಿಂದ ಮುಂದಿನ ಬಳಕೆಗಳಿಗೂ ಅನ್ವಯಿಸುವ ವಿಶಾಲ ಸಮ್ಮತಿಯೆಂಬ ಪದ್ಧತಿ ಬಳಕೆಗೆ ಬಂದಿದೆ. ಇದು ಅನಿವಾರ್ಯವಾದರೂ ಇದರಲ್ಲಿ ಒಂದು ದೌರ್ಬಲ್ಯವಿದೆ. ಹಳ್ಳಿಯ ಜನರು ಸಮ್ಮತಿಸುವುದು ಬಹುಪಾಲು ಎದುರಿಗಿರುವ ವೈದ್ಯರ ಅಥವಾ ದಾದಿಯ ಮುಖವನ್ನು ನೋಡಿ. ಉಚಿತ ಚಿಕಿತ್ಸೆ ದೊರೆಯುವುದು ಅಲ್ಲಿ ಮಾತ್ರವಾಗಿದ್ದರೆ ಬೇಡವೆನ್ನುವ ಸ್ವಾತಂತ್ರ್ಯವೂ ಅಷ್ಟಕ್ಕಷ್ಟೆ. ಅಂಥ ನಂಬಿಕೆಯಿಂದ ಕೊಟ್ಟ ಮಾತನ್ನು ಕಾಗದದ ಮೇಲಿನ ಸಹಿಯಷ್ಟಕ್ಕೆ ಇಳಿಸುವುದು ನ್ಯಾಯವಲ್ಲ.

ಹೆಸರನ್ನು ಅಳಿಸಿದರೆ ಗೋಪ್ಯತೆ ಉಳಿಯಿತೆಂದು ಹಲವರು ನಂಬುತ್ತಾರೆ. ಇದು ಅರ್ಧಸತ್ಯ. ಅಮೆರಿಕದ ವಿಜ್ಞಾನಿ ಲಟಾನ್ಯಾ ಸ್ವೀನಿ ಅವರು 2000ದಲ್ಲಿ ತೋರಿಸಿಕೊಟ್ಟಂತೆ, ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಲಿಂಗ ಈ ಮೂರೇ ವಿವರಗಳಿಂದ ಆ ದೇಶದ ಶೇಕಡ 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಬೇರ್ಪಡಿಸಲು ಸಾಧ್ಯವಿತ್ತು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಹಳ್ಳಿಯಲ್ಲಿ ಇದು ಇನ್ನೂ ಸುಲಭ. ಒಂದು ಊರಿನ ಹೆಸರು, ಒಂದು ತಿಂಗಳು, ಅವಳಿ ಮಕ್ಕಳ ಹೆರಿಗೆ ಇಷ್ಟಿದ್ದರೆ ಆ ತಾಯಿ ಯಾರೆಂಬುದು ಊರಿಗೆಲ್ಲ ತಿಳಿಯುತ್ತದೆ. ಆ ಸಾಲಿನಲ್ಲಿಯೇ ಆಕೆಗಿರುವ ಕ್ಷಯದ ಅಥವಾ ಎಚ್‌ಐವಿ ಸೋಂಕಿನ ಉಲ್ಲೇಖವೂ ಇದ್ದರೆ ಆ ಮನೆಯ ನೆಮ್ಮದಿಯು ಹಾಳಾಗುತ್ತದೆ.

ಹಾನಿಯು ವ್ಯಕ್ತಿಗೆ ಮಾತ್ರವೇ ಆಗಬೇಕೆಂದೇನೂ ಇಲ್ಲ, ಸಮುದಾಯಕ್ಕೂ ಆಗಬಹುದು. 2010ರಲ್ಲಿ ನಮೀಬಿಯಾದ ಸಾನ್ ಜನಾಂಗದ ಕೆಲವು ಹಿರಿಯರ ವಂಶವಾಹಿಯ ವಿವರಗಳು ಪ್ರಸಿದ್ಧ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದುವು. ಸಂಶೋಧಕರು ಆ ವ್ಯಕ್ತಿಗಳ ಸಮ್ಮತಿಯನ್ನು ಪಡೆದಿದ್ದರು. ಆದರೆ ತಮ್ಮ ಇಡೀ ಜನಾಂಗದ ವಿಚಾರವಾಗಿ ಬರೆಯುವಾಗ ಜನಾಂಗದ ಪ್ರತಿನಿಧಿಗಳನ್ನು ಕೇಳಲಿಲ್ಲವೆಂದೂ, ಬರೆಹದ ಕೆಲವು ಮಾತುಗಳು ಅವಮಾನಕರವೆಂದೂ ಸಾನ್ ಮುಖಂಡರು ಆಕ್ಷೇಪಿಸಿದರು. ಅನಂತರ 2017ರಲ್ಲಿ ದಕ್ಷಿಣ ಆಫ್ರಿಕಾದ ಸಾನ್ ಜನರು ಸಂಶೋಧಕರು ಪಾಲಿಸಬೇಕಾದ ನೀತಿಸಂಹಿತೆಯೊಂದನ್ನು ತಾವೇ ರಚಿಸಿ ಹೊರತಂದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇವು ಅದರ ಆಧಾರಸ್ತಂಭಗಳು. ಶತಮಾನಗಳ ಕಾಲ ಇತರರ ಅಧ್ಯಯನಕ್ಕೆ ವಸ್ತುವಾಗಿದ್ದವರು ಅಧ್ಯಯನದ ಷರತ್ತನ್ನು ತಾವೇ ವಿಧಿಸಿದ್ದು ಸಾಮಾನ್ಯ ಸಂಗತಿಯಲ್ಲ.

ದುಡಿದವರ ಪಾಲು

ಇನ್ನು ಸಂಶೋಧಕರ ಕಡೆಗೆ ತಿರುಗಿದರೆ, ಕಾಯಕದ ಮೌಲ್ಯವನ್ನು ಬಲ್ಲವರಿಗೆ ಈ ಭಾಗವು ಸುಲಭವಾಗಿ ಅರ್ಥವಾಗುವಂಥದು. ಮಳೆಗಾಲದಲ್ಲಿ ಕೆಸರು ತುಳಿದು ಮನೆಮನೆಗೆ ಹೋಗಿ ವಿವರ ಬರೆದುಕೊಂಡವರು, ರಕ್ತದ ಶೀಸೆಗಳನ್ನು ಕೆಡದಂತೆ ಕಾಪಾಡಿದವರು, ತಪ್ಪು ದಾಖಲೆಗಳನ್ನು ತಿದ್ದಿದವರು ಎಲ್ಲರೂ ಸ್ಥಳೀಯರು. ಅವರು ರೋಗಿಗಳ ಆರೈಕೆಯ ನಡುವೆ ಬಿಡುವು ಮಾಡಿಕೊಂಡು ಆ ಕೋಷ್ಟಕವನ್ನು ವಿಶ್ಲೇಷಿಸುವ ವೇಳೆಗೆ, ಬಲಿಷ್ಠ ಗಣಕಯಂತ್ರಗಳೂ ಸಂಖ್ಯಾಶಾಸ್ತ್ರಜ್ಞರೂ ಇರುವ ದೂರದ ವಿಶ್ವವಿದ್ಯಾಲಯವು ಅದೇ ದತ್ತಾಂಶದಿಂದ ಲೇಖನಗಳನ್ನು ಪ್ರಕಟಿಸಿ ಕೀರ್ತಿಯನ್ನು ಪಡೆಯಬಹುದು. ಸ್ಥಳೀಯರ ಹೆಸರು ಕೃತಜ್ಞತೆಯ ಸಾಲಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹತ್ತಿಯನ್ನು ಬೆಳೆದ ನಾಡು ಬಟ್ಟೆಯನ್ನು ಮಾತ್ರ ಹೊರಗಿನಿಂದ ಕೊಳ್ಳಬೇಕಾಗಿದ್ದ ಕಾಲವನ್ನು ಇದು ನೆನಪಿಗೆ ತರುತ್ತದೆ.

ಹಂಚಿಕೆಯನ್ನು ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ. ಆಫ್ರಿಕಾದ ಜನರ ಆರೋಗ್ಯ ಮತ್ತು ವಂಶವಾಹಿಗಳನ್ನು ಕುರಿತು ಹತ್ತು ವರ್ಷಗಳ ಕಾಲ, 2022ರವರೆಗೆ, ನಡೆದ ‘ಎಚ್3ಆಫ್ರಿಕಾ’ ಯೋಜನೆಯು ದತ್ತಾಂಶವನ್ನು ಹಂಚಲೇಬೇಕೆಂದು ವಿಧಿಸಿದರೂ, ಅದನ್ನು ಸಂಗ್ರಹಿಸಿದ ಆಫ್ರಿಕಾದ ಸಂಶೋಧಕರೇ ಮೊದಲು ಪ್ರಕಟಿಸಲು ಅನುಕೂಲವಾಗುವಂತೆ ಒಂದು ಕಾಲಾವಧಿಯನ್ನು ಕಾದಿರಿಸಿತ್ತು. ಜೊತೆಗೆ ಅವರ ತರಬೇತಿಗೂ ಸ್ಥಳೀಯ ಪ್ರಯೋಗಾಲಯಗಳಿಗೂ ಹಣವನ್ನು ತೊಡಗಿಸಿತು. ಹಂಚಿಕೆಯ ನಿಯಮದಷ್ಟೇ ಮುಖ್ಯವಾದುದು ಹಂಚಿದುದನ್ನು ತಾವೂ ಬಳಸಬಲ್ಲ ವಿದ್ಯೆ.

ಭಂಡಾರಿಯ ಹೊಣೆ

ಮುಂಬಯಿ, ಕೆನ್ಯಾ, ದಕ್ಷಿಣ ಆಫ್ರಿಕಾ, ಥೈಲ್ಯಾಂಡ್ ಮತ್ತು ವಿಯೆಟ್ನಾಂಗಳಲ್ಲಿ ಸಂಶೋಧಕರನ್ನೂ ಸಮುದಾಯದ ಜನರನ್ನೂ ಈ ವಿಷಯವಾಗಿ ಮಾತನಾಡಿಸಿ ನಡೆಸಿದ ಅಧ್ಯಯನಗಳು 2015ರಲ್ಲಿ ಪ್ರಕಟವಾದುವು. ಅವುಗಳಲ್ಲಿ ಕಂಡುಬಂದ ಅಭಿಪ್ರಾಯವು ಮನನೀಯವಾದುದು. ದತ್ತಾಂಶದ ಹಂಚಿಕೆಯೆಂಬ ಮಾತೇ ಅನೇಕರಿಗೆ ಹೊಸದು. ವಿಷಯ ತಿಳಿದ ಮೇಲೆ ಒಟ್ಟಿನಲ್ಲಿ ಜನರು ವಿರೋಧಿಸಲಿಲ್ಲ. ತಮ್ಮ ಮಾಹಿತಿಯಿಂದ ಬೇರೆಯವರಿಗೆ ಒಳ್ಳೆಯದಾಗುವುದಾದರೆ ಆಗಲಿ ಎಂಬುದೇ ಹೆಚ್ಚಿನವರ ನಿಲುವು. ಆದರೆ ಯಾರು, ಏತಕ್ಕಾಗಿ ಪಡೆಯುತ್ತಾರೆಂಬುದನ್ನು ನಂಬಿಕಸ್ತರು ನೋಡಿಕೊಳ್ಳಬೇಕೆಂದು ಅವರು ಬಯಸಿದರು. ಬಡವರು ಕೊಡಲು ಹಿಂದೆಗೆಯುವುದಿಲ್ಲ. ಕೊಟ್ಟದ್ದು ದುರುಪಯೋಗವಾಗಬಾರದೆಂಬುದಷ್ಟೇ ಅವರ ಕೋರಿಕೆ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೆಂಬುದು ಸರ್ವವಿದಿತ. ಭಂಡಾರವು ಭಂಡಾರಿಯ ಸ್ವಂತದ್ದಲ್ಲ. ಆದುದರಿಂದ ಅದನ್ನು ಬಚ್ಚಿಡುವ ಹಕ್ಕೂ ಅವನಿಗಿಲ್ಲ, ಕೇಳಿದವರಿಗೆಲ್ಲ ಬಾಚಿಕೊಡುವ ಹಕ್ಕೂ ಇಲ್ಲ. ಕಾಪಾಡಿ, ತಕ್ಕ ಕಾರ್ಯಕ್ಕೆ ವಿನಿಯೋಗಿಸಿ, ಲೆಕ್ಕ ಒಪ್ಪಿಸುವ ಹೊಣೆ ಮಾತ್ರ ಇದೆ. ದತ್ತಾಂಶವನ್ನು ಹೊಂದಿರುವ ಸಂಶೋಧಕನ ಸ್ಥಾನವೂ ಇದೇ. ಕೆನ್ಯಾದ ಕರಾವಳಿಯ ಕಿಲಿಫಿಯಲ್ಲಿ 1989ರಿಂದ ಕೆಲಸ ಮಾಡುತ್ತಿರುವ ಸಂಶೋಧನಾ ಕೇಂದ್ರವು ಈ ತತ್ತ್ವವನ್ನು ಆಚರಣೆಗೆ ತಂದಿದೆ. ಅಲ್ಲಿ ದತ್ತಾಂಶವನ್ನು ಕೋರುವವರ ಅರ್ಜಿಯನ್ನು ಒಂದು ಸಮಿತಿಯು ಪರಿಶೀಲಿಸುತ್ತದೆ. ಸುತ್ತಲಿನ ಜನರು ಆರಿಸಿದ ಪ್ರತಿನಿಧಿಗಳೊಡನೆ ಸಂಶೋಧಕರು ನಿರಂತರವಾಗಿ ಸಮಾಲೋಚಿಸುತ್ತಾರೆ.

ಭಾರತದಲ್ಲಿಯೂ ಇದು ದೂರದ ಮಾತಲ್ಲ. ಬೆಳಗಾವಿ ಮತ್ತು ನಾಗಪುರ ಪ್ರದೇಶಗಳ ತಾಯಂದಿರೂ ಸೇರಿದಂತೆ ಆರು ದೇಶಗಳ 11,976 ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯು ಅಲ್ಪ ಪ್ರಮಾಣದ ಆಸ್ಪಿರಿನ್ನಿನಿಂದ ಅಕಾಲ ಹೆರಿಗೆಯು ತಗ್ಗುವುದನ್ನು 2020ರಲ್ಲಿ ತೋರಿಸಿಕೊಟ್ಟಿತು. ಅದಕ್ಕೆ ಹಣ ಒದಗಿಸಿದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು, 2023ರ ಜನವರಿ 25ರಿಂದ ಅನುದಾನ ಕೋರುವವರು ದತ್ತಾಂಶದ ನಿರ್ವಹಣೆ ಮತ್ತು ಹಂಚಿಕೆಯ ಯೋಜನೆಯನ್ನು ಮೊದಲೇ ಸಲ್ಲಿಸಬೇಕೆಂದು ವಿಧಿಸಿದೆ. ಭಾರತದ ಸಂಸತ್ತು 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಕಾಯಿದೆಯನ್ನು ಮಾಡಿತಾದರೂ, ಗೊತ್ತುಪಡಿಸಿದ ಮಾನದಂಡಗಳನ್ನು ಪಾಲಿಸುವ ಸಂಶೋಧನೆಗೆ ಅದರಲ್ಲಿ ವಿನಾಯಿತಿಯಿದೆ. ಅಂದರೆ ಕಾನೂನಿನ ಬೇಲಿ ಮುಗಿದಲ್ಲಿ ಸಂಶೋಧಕನ ವಿವೇಕವೂ ನೀತಿ ಸಮಿತಿಯ ಎಚ್ಚರವೂ ಆರಂಭವಾಗಬೇಕು.

ಈ ನೀತಿ ಸಮಿತಿಗಳ ವಿಚಾರದಲ್ಲಿ ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅರಿಯಬೇಕಾದ ಒಂದು ಅಂಶವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳ ಪ್ರಕಾರ ಇಂಥ ಸಮಿತಿಯಲ್ಲಿ ವೈದ್ಯರಲ್ಲದೆ ಕಾನೂನು ಬಲ್ಲವರು, ಸಮಾಜವಿಜ್ಞಾನಿ ಅಥವಾ ನೀತಿಶಾಸ್ತ್ರವನ್ನು ಬಲ್ಲವರು ಮತ್ತು ಸಾಮಾನ್ಯ ನಾಗರಿಕರೊಬ್ಬರು ಇರಬೇಕು. ಆ ಕೊನೆಯ ಆಸನವು ಕೇವಲ ಸಹಿಗಾಗಿ ಇರುವುದಲ್ಲ. ಊರಿನ ಜನರ ಮಾತನ್ನು ಅವರ ಪರವಾಗಿ ಆಡಲೆಂದೇ ಅದನ್ನು ಇರಿಸಿದೆ. ಅಲ್ಲಿ ಕುಳಿತವರು ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು: ಮುಂದೆ ಈ ಮಾಹಿತಿಯನ್ನು ಇತರರಿಗೆ ಕೊಡಲಾಗುವುದೆಂಬುದನ್ನು ರೋಗಿಗೆ ಅವಳ ಭಾಷೆಯಲ್ಲಿ ಹೇಳಿದ್ದೀರಾ? ಹೆಸರಷ್ಟೇ ಅಲ್ಲದೆ ಅವಳ ಗುರುತನ್ನು ಹೇಳುವ ಇತರ ವಿವರಗಳನ್ನೂ ತೆಗೆದಿದ್ದೀರಾ? ದುಡಿದ ಸ್ಥಳೀಯರಿಗೆ ಸಲ್ಲಬೇಕಾದುದು ಸಂದಿದೆಯೆ? ಇದರಿಂದ ದೊರೆತ ಔಷಧವು ಈ ಊರಿಗೆ ಮರಳಿ ಬರುವುದೆ?

ಈ ನಾಲ್ಕಕ್ಕೂ ಸಮಾಧಾನಕರವಾದ ಉತ್ತರ ದೊರೆತರೆ ದತ್ತಾಂಶವನ್ನು ಹಂಚುವುದು ಕರ್ತವ್ಯವೇ ಹೌದು. ದೊರೆಯದಿದ್ದರೆ ಅವು ದೊರೆಯುವವರೆಗೆ ತಡೆಯುವುದೂ ಅಷ್ಟೇ ಕರ್ತವ್ಯ. ಹೆರಿಗೆಯ ನೋವಿನ ನಡುವೆಯೂ ತನ್ನಿಂದ ಮತ್ತೊಬ್ಬ ತಾಯಿಗೆ ನೆರವಾಗಲೆಂದು ಒಪ್ಪಿಕೊಂಡ ಹೆಣ್ಣುಮಗಳು ಲೋಕಕ್ಕೆ ಮಾಡಿದ್ದು ದಾಸೋಹವೇ. ಅದನ್ನು ಸ್ವೀಕರಿಸಿದವರು ಆಕೆಗೆ ಲೆಕ್ಕ ಒಪ್ಪಿಸಲು ಬದ್ಧರು.